ಚಳಿಗಾಲಕ್ಕೆ ಕ್ಯಾಂಪರ್ ನಿಲ್ಲಿಸುವ ಮುಂಚೆ: ಪೈಪು ಒಡೆಯದಂತೆ ಏನು ಮಾಡಬೇಕು

ಅಮೆರಿಕ, ಕೆನಡಾದ ಚಳಿ ಸೀಮೆಯಲ್ಲಿ ಕ್ಯಾಂಪರ್ (ಒಳಗೇ ಮಲಗುವ, ಅಡುಗೆಯ, ಶೌಚದ ಸೌಕರ್ಯವಿರುವ ವಾಹನ) ಇಟ್ಟುಕೊಂಡವರು ರಾತ್ರಿಯ ತಾಪಮಾನ 0 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಅದರ ಪೈಪುಗಳ ನೀರು ಖಾಲಿ ಮಾಡಿ ಆಂಟಿಫ್ರೀಜ್ (ಹೆಪ್ಪುಗಟ್ಟಿ ಪೈಪು ಸೀಳದಂತೆ ತಡೆಯುವ ದ್ರವ) ತುಂಬಿಸಿಬಿಡಬೇಕು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಅದನ್ನು ಒಂದಿಷ್ಟು ತಡೆದುಕೊಳ್ಳುತ್ತದೆ. ಸೀಳುವುದು ಪ್ಲಾಸ್ಟಿಕ್ ಎಲ್ಬೋ (ಪೈಪು ತಿರುಗುವಲ್ಲಿನ ಜೋಡಣೆ), ನಲ್ಲಿಯ ಒಳಭಾಗ, ಪಂಪು, ಟಾಯ್ಲೆಟ್ ವಾಲ್ವು. ಸೀಳಿದ್ದು ಆಗಲೇ ಗೊತ್ತಾಗುವುದೂ ಇಲ್ಲ. ಬೇಸಿಗೆಗೆ ಪಂಪ್ ಹಾಕಿದಾಗ ಗೋಡೆಯೊಳಗೆ ಸೋರತೊಡಗುತ್ತದೆ.

ಮೊದಲು ವಾಟರ್ ಹೀಟರಿನ ಗ್ಯಾಸ್, ಕರೆಂಟ್ ಎರಡನ್ನೂ ಆಫ್ ಮಾಡಿ, ನೀರು ಪೂರ್ತಿ ತಣ್ಣಗಾಗಲು ಬಿಡಿ. ಪಂಪ್ ನಿಲ್ಲಿಸಿ, ಹೊರಗಿನ ನೀರಿನ ಹೋಸ್ ಕಳಚಿ, ಬಿಸಿನೀರಿನ ನಲ್ಲಿ ತಿರುಗಿಸಿ ಒತ್ತಡ ಇಳಿಸಿದ ಮೇಲೆಯೇ ಹೀಟರಿನ ಡ್ರೈನ್ ಪ್ಲಗ್ ಬಿಚ್ಚಬೇಕು. ಆಮೇಲೆ ನೀರಿನ ಟ್ಯಾಂಕು, ಕೆಳಗಿನ ಡ್ರೈನ್ ವಾಲ್ವುಗಳನ್ನು ತೆರೆದು ಖಾಲಿ ಮಾಡಿ. ಫಿಲ್ಟರ್ ಇದ್ದರೆ ತೆಗೆದಿಡಿ.

ಈಗ ಹೀಟರನ್ನು ಬೈಪಾಸ್‌ಗೆ ಹಾಕಿ (ಅಂದರೆ ದ್ರವ ಹೀಟರಿನೊಳಗೆ ಹೋಗದೆ ಪಕ್ಕದಿಂದ ಹಾಯುವಂತೆ ವಾಲ್ವು ತಿರುಗಿಸಿ), ತೆರೆದ ಡ್ರೈನುಗಳನ್ನೆಲ್ಲ ಮುಚ್ಚಿ. ಬೈಪಾಸ್ ಮರೆತರೆ 6 ಗ್ಯಾಲನ್ನಿನ ಹೀಟರೇ ಸುಮಾರು 23 ಲೀಟರ್ ಆಂಟಿಫ್ರೀಜ್ ನುಂಗುತ್ತದೆ. ಹಾಕಿದರೆ ಸಾಧಾರಣ ಗಾತ್ರದ ಕ್ಯಾಂಪರಿಗೆ 2–3 ಗ್ಯಾಲನ್, ಅಂದರೆ 8–11 ಲೀಟರ್ ಸಾಕು. ಕ್ಯಾಂಪರಿಗೆಂದೇ ಮಾರುವ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ ಬಳಸಿ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಕುಡಿಯುವ ನೀರಿನ ಪೈಪಿಗೆ ಅದು ಸೋಕಲೇಬಾರದು.

ಪಂಪು ನೀರೆಳೆಯುವ ಕಡೆಯ ಹೋಸನ್ನು ಆಂಟಿಫ್ರೀಜ್ ಕ್ಯಾನಿನೊಳಗೆ ಇಳಿಸಿ ಪಂಪ್ ಹಾಕಿ. ಒಂದೊಂದೇ ನಲ್ಲಿ ತೆರೆಯಿರಿ: ತಣ್ಣೀರು ಬೇರೆ, ಬಿಸಿನೀರು ಬೇರೆ, ಎರಡರಲ್ಲೂ ಗಾಢ ಗುಲಾಬಿ ಬರುವವರೆಗೆ. ತಿಳಿ ಗುಲಾಬಿ ಬಂದರೆ ಇನ್ನೂ ನೀರು ಬೆರೆತಿದೆ ಎಂದರ್ಥ. ಡಬ್ಬಿಯ ಮೇಲಿನ ಮೈನಸ್ 50 ಫ್ಯಾರನ್‌ಹೀಟ್ ಪೈಪು ಸೀಳದಿರುವ ಮಿತಿ, ನೀರು ಬೆರೆತರೆ ಅದೂ ಉಳಿಯುವುದಿಲ್ಲ. ಬಹಳ ಜನ ಬಿಟ್ಟುಬಿಡುವುದು ಹೊರಗಿನ ಶವರನ್ನು. ಟಾಯ್ಲೆಟ್ ಫ್ಲಶ್ ಮಾಡುವುದನ್ನೂ ಮರೆಯಬೇಡಿ. ಕೊನೆಗೆ ಸಿಂಕು, ಶವರ್ ಮೋರಿಗಳ ಪಿ-ಟ್ರ್ಯಾಪಿಗೆ (ನೀರು ನಿಲ್ಲುವ ಬಾಗಿದ ಪೈಪಿಗೆ) ಒಂದೊಂದು ಲೋಟ ಆಂಟಿಫ್ರೀಜ್ ಸುರಿಯಿರಿ.

ಪೈಪಿನ ನೀರು ಹೊರಹಾಕಲು ಕಂಪ್ರೆಸರಿನಿಂದ ಗಾಳಿ ಊದುವವರು 30–40 ಪಿಎಸ್‌ಐ (ಒತ್ತಡದ ಅಳತೆ) ದಾಟಬಾರದು. ಗಾಳಿಯೊಂದನ್ನೇ ನಂಬುವುದು ಸರಿಯಲ್ಲ, ಪಂಪಿನೊಳಗೆ ನೀರು ಉಳಿದೇ ಇರುತ್ತದೆ.

ಚಳಿಯಲ್ಲೇ ಕ್ಯಾಂಪರಿನಲ್ಲಿ ಉಳಿಯುವುದಾದರೆ ಗ್ಯಾಸ್ ಫರ್ನೇಸನ್ನೇ (ಬಿಸಿಗಾಳಿ ಬಿಡುವ ಹೀಟರನ್ನೇ) ನಡೆಸಿ. ಎಷ್ಟೋ ಕ್ಯಾಂಪರುಗಳಲ್ಲಿ ಅದರ ಬಿಸಿಗಾಳಿ ನೆಲದಡಿಯ ಪೈಪುಗಳಿಗೂ ಹೋಗುತ್ತದೆ. ಕರೆಂಟ್ ಹೀಟರಿನಿಂದ ಕೋಣೆ ಬೆಚ್ಚಗಾದರೂ ಕೆಳಗೆ ಪೈಪು ಹೆಪ್ಪುಗಟ್ಟಬಹುದು. ರಾತ್ರಿ ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ಹೊರಗಿನ ಹೋಸ್ ಕಳಚಿ ಟ್ಯಾಂಕಿನ ನೀರನ್ನೇ ಬಳಸಿ.