ಪ್ರೊಸೆಸ್ ಮತ್ತು ಥ್ರೆಡ್ ಹುಟ್ಟುವುದನ್ನು ಕಣ್ಣಾರೆ ನೋಡುವ ಬಗೆ

ಪ್ರೊಸೆಸ್ ಎಂದರೆ ಭಾರ, ಥ್ರೆಡ್ ಎಂದರೆ ಹಗುರ ಎಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಒಪ್ಪಿಸುವುದು ವಾಡಿಕೆ. ಪ್ರೊಸೆಸ್ ಎಂದರೆ ಓಡುತ್ತಿರುವ ಪ್ರೋಗ್ರಾಮ್, ಥ್ರೆಡ್ ಎಂದರೆ ಅದರೊಳಗೆ ಓಡುವ ಒಂದು ಎಳೆ. ಈ ಉತ್ತರ ತಪ್ಪಲ್ಲವಾದರೂ ಕೆಲಸಕ್ಕೆ ಬರುವಂಥದ್ದೂ ಅಲ್ಲ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಇವೆರಡನ್ನೂ ಸೃಷ್ಟಿಸುವುದು ಕ್ಲೋನ್ ಎಂಬ ಒಂದೇ ಬಗೆಯ ಸಿಸ್ಟಮ್ ಕಾಲ್‌ನಿಂದ, ಅಂದರೆ ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಯಿಂದ. ಹೊಸದಾಗಿ ಹುಟ್ಟಿದ್ದು ಹಳೆಯದರ ಜೊತೆ ಏನನ್ನು ಹಂಚಿಕೊಳ್ಳುತ್ತದೆ, ಏನನ್ನು ನಕಲಾಗಿ ಪಡೆಯುತ್ತದೆ ಎಂಬುದರಲ್ಲಷ್ಟೇ ವ್ಯತ್ಯಾಸವಿದೆ. ಈ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದು ಕೆಳಗಿನ ಹಂತಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ಮಾಡಿ ನೋಡಬಹುದು.

ಮೊದಲ ಹಂತ: ಸಿದ್ಧತೆ

ಉಬುಂಟು ಅಥವಾ ಬೇರಾವುದೇ ಲಿನಕ್ಸ್ ಸಾಕು. ವಿಂಡೋಸ್ ಬಳಸುವವರು, ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನ 2ನೇ ಆವೃತ್ತಿಯನ್ನು ಹಾಕಿಕೊಳ್ಳಬೇಕು, ಏಕೆಂದರೆ 1ನೇ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ಕರ್ನಲ್ ಇರುವುದಿಲ್ಲ. ಜಿಸಿಸಿ ಕಂಪೈಲರ್ ಮತ್ತು ಸ್ಟ್ರೇಸ್ ಎಂಬ ಎರಡು ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡಿ. ಒಂದು ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಪ್ರತಿಯೊಂದು ಕರೆಯನ್ನೂ ಅದರ ಉತ್ತರದೊಂದಿಗೆ ಸಾಲುಸಾಲಾಗಿ ತೋರಿಸುವುದು ಸ್ಟ್ರೇಸ್‌ನ ಕೆಲಸ.

ಎರಡನೇ ಹಂತ: ಶೆಲ್ ಮಾಡುವುದನ್ನು ನೋಡುವುದು

ಸ್ಟ್ರೇಸ್‌ಗೆ 'ಎಫ್' ಆಯ್ಕೆಯನ್ನೂ 'ಟ್ರೇಸ್' ಎಂಬುದಕ್ಕೆ 'ಪ್ರೊಸೆಸ್' ಎಂಬ ಮೌಲ್ಯವನ್ನೂ ಕೊಟ್ಟು, ಬ್ಯಾಷ್ ಶೆಲ್‌ನ (ಆಜ್ಞೆಗಳನ್ನು ಓದಿ ಓಡಿಸುವ ಪ್ರೋಗ್ರಾಮ್) 'ಸಿ' ಆಯ್ಕೆಯ ಮೂಲಕ ಎಲ್‌ಎಸ್, ಡೇಟ್, ಎಕೋ ಈ ಮೂರು ಆಜ್ಞೆಗಳನ್ನು ಅರ್ಧವಿರಾಮದಿಂದ ಬೇರ್ಪಡಿಸಿ ಓಡಿಸಿ. ಒಂದೇ ಆಜ್ಞೆ ಕೊಟ್ಟರೆ ಬ್ಯಾಷ್ ಜಾಣತನದಿಂದ ಹೊಸ ಪ್ರೊಸೆಸ್ ಹುಟ್ಟಿಸುವ ಗೋಜಿಗೇ ಹೋಗದೆ ತಾನೇ ಆ ಪ್ರೋಗ್ರಾಮ್ ಆಗಿ ಬದಲಾಗಿಬಿಡುವುದರಿಂದ, ನಾವು ನೋಡಬೇಕೆಂದಿದ್ದು ಕಾಣುವುದಿಲ್ಲ. 'ಎಫ್' ಆಯ್ಕೆಯನ್ನು ಮರೆತರೂ ಅಷ್ಟೇ, ಹುಟ್ಟಿದ ಮರಿ ಪ್ರೊಸೆಸ್‌ಗಳ ಸುದ್ದಿ ಬರುವುದಿಲ್ಲ.

ಪರದೆಯ ಮೇಲೆ ನಾಲ್ಕು ಹೆಸರುಗಳು ಕಾಣುತ್ತವೆ. ಕ್ಲೋನ್ ಹೊಸ ಪ್ರೊಸೆಸ್ ಹುಟ್ಟಿಸುತ್ತದೆ, ಎಕ್ಸೆಕ್‌ವಿಇ ಅದರೊಳಗೆ ಎಲ್‌ಎಸ್ ಪ್ರೋಗ್ರಾಮನ್ನು ತುಂಬುತ್ತದೆ, ಎಕ್ಸಿಟ್ ಗ್ರೂಪ್ ಅದನ್ನು ಮುಗಿಸುತ್ತದೆ, ವೇಟ್4 ಕರೆಯಲ್ಲಿ ಶೆಲ್ ಅದರ ಫಲಿತಾಂಶವನ್ನು ಪಡೆದುಕೊಳ್ಳುತ್ತದೆ. ಹೊಸ ಪ್ರೊಸೆಸ್ ಹುಟ್ಟಿಸುವ ಕರೆ ಎಂದು ಪಠ್ಯದಲ್ಲಿ ಓದಿದ ಫೋರ್ಕ್ ಎಲ್ಲಿ ಹೋಯಿತು ಎಂದು ಹುಡುಕಬೇಡಿ. 64 ಬಿಟ್ ಇಂಟೆಲ್ ಮತ್ತು ಎಎಂಡಿ ಯಂತ್ರಗಳಲ್ಲಿ ಅದಕ್ಕೆ 57 ಎಂಬ ಸಂಖ್ಯೆ ಇಂದಿಗೂ ಮೀಸಲಿದ್ದರೂ, ಸಿ ಭಾಷೆಯ ಫೋರ್ಕ್ ಫಂಕ್ಷನ್ನನ್ನು ಕರೆದಾಗ ಜಿಲಿಬ್‌ಸಿ ಲೈಬ್ರರಿ ಒಳಗೊಳಗೇ 56ನೇ ಸಂಖ್ಯೆಯ ಕ್ಲೋನ್ ಅನ್ನೇ ಬಳಸುತ್ತದೆ.

ಮೂರನೇ ಹಂತ: ಫೋರ್ಕ್ ಮತ್ತು ನಕಲಿನ ಲೆಕ್ಕ

ಈಗ ಸಿ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಬರೆಯಿರಿ. ಮೊದಲು ಪ್ರಿಂಟ್‌ಎಫ್ ಬಳಸಿ 'ನಮಸ್ಕಾರ' ಎಂದು ಒಂದು ಸಾಲು ಅಚ್ಚು ಮಾಡಲಿ, ಅನಂತರ ಫೋರ್ಕ್ ಕರೆದು ಮುಗಿದುಹೋಗಲಿ. ಫೋರ್ಕ್ ಒಮ್ಮೆ ಕರೆದರೆ ಎರಡು ಕಡೆ ಮರಳುತ್ತದೆ: ತಾಯಿ ಪ್ರೊಸೆಸ್‌ನಲ್ಲಿ ಮರಿಯ ಪಿಐಡಿ (ಪ್ರೊಸೆಸ್‌ನ ಗುರುತಿನ ಸಂಖ್ಯೆ) ಸಿಗುತ್ತದೆ, ಮರಿಯಲ್ಲಿ ಸೊನ್ನೆ ಸಿಗುತ್ತದೆ, ವಿಫಲವಾದರೆ ಋಣ 1 ಬರುತ್ತದೆ. ಟರ್ಮಿನಲ್‌ನಲ್ಲಿ ಓಡಿಸಿದಾಗ ನಮಸ್ಕಾರ ಒಮ್ಮೆ ಕಾಣುತ್ತದೆ. ಅದೇ ಪ್ರೋಗ್ರಾಮಿನ ಔಟ್‌ಪುಟ್ಟನ್ನು ಪೈಪ್ ಮೂಲಕ ಕ್ಯಾಟ್ ಆಜ್ಞೆಗೆ ಹಾಯಿಸಿದರೆ ಎರಡು ಬಾರಿ ಕಾಣುತ್ತದೆ!

ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಟರ್ಮಿನಲ್‌ಗೆ ಬರೆಯುವಾಗ ಲೈಬ್ರರಿಯು ಸಾಲು ಮುಗಿದ ಕೂಡಲೇ ಅದನ್ನು ಕರ್ನಲ್‌ಗೆ ಒಪ್ಪಿಸುತ್ತದೆ, ಆದರೆ ಪೈಪ್‌ಗೆ ಬರೆಯುವಾಗ ಬಫರ್ ತುಂಬುವವರೆಗೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆ ಬಫರ್ ಇರುವುದು ಪ್ರೊಸೆಸ್‌ನ ಮೆಮೊರಿಯಲ್ಲಿ. ಫೋರ್ಕ್ ಆದಾಗ ಮೆಮೊರಿಯೊಂದಿಗೆ ಅದೂ ನಕಲಾಗಿ, ಮುಗಿಯುವ ಹೊತ್ತಿಗೆ ತಾಯಿ ಮತ್ತು ಮರಿ ತಂತಮ್ಮ ಪ್ರತಿಯನ್ನು ಬೇರೆಬೇರೆಯಾಗಿ ಹೊರಹಾಕುತ್ತವೆ. ಫೋರ್ಕ್‌ಗೆ ಮುನ್ನ ಬಫರನ್ನು ಬರಿದು ಮಾಡುವ ಎಫ್‌ಫ್ಲಶ್ ಕರೆದರೆ ಈ ತೊಂದರೆ ಇರುವುದಿಲ್ಲ.

ಮೆಮೊರಿ ನಕಲಾಗುತ್ತದೆ ಎಂದಾಕ್ಷಣ ಎಲ್ಲವನ್ನೂ ಕೂಡಲೇ ಪ್ರತಿ ಮಾಡಲಾಗುತ್ತದೆ ಎಂದು ಭಾವಿಸಬಾರದು. ಕರ್ನಲ್ ಮೆಮೊರಿಯನ್ನು ಪುಟಗಳೆಂಬ ತುಂಡುಗಳಾಗಿ ನೋಡುತ್ತದೆ. ಅದು ಪುಟಗಳ ಪಟ್ಟಿಯನ್ನಷ್ಟೇ ನಕಲು ಮಾಡಿ, ಸಾಮಾನ್ಯವಾಗಿ 4096 ಬೈಟ್‌ಗಳಷ್ಟಿರುವ ಪುಟಗಳನ್ನು ಓದಲು ಮಾತ್ರ ಎಂದು ಗುರುತು ಹಾಕುತ್ತದೆ, ಮತ್ತು ಇಬ್ಬರಲ್ಲಿ ಯಾರಾದರೂ ಒಂದು ಪುಟಕ್ಕೆ ಬರೆಯಲು ಹೋದಾಗ ಆ ಪುಟವೊಂದನ್ನು ಮಾತ್ರ ಪ್ರತಿ ಮಾಡಿಕೊಡುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನ್ ನಿಂತಿರುವುದೇ ಈ ಉಪಾಯದ ಮೇಲೆ. ಅಲ್ಲಿ ಝೈಗೋಟ್ ಎಂಬ ಪ್ರೊಸೆಸ್ ಎಲ್ಲ ಆ್ಯಪ್‌ಗಳಿಗೂ ಬೇಕಾಗುವ ಕ್ಲಾಸುಗಳನ್ನು ಮುಂಚೆಯೇ ಮೆಮೊರಿಗೆ ತಂದಿಟ್ಟುಕೊಂಡಿರುತ್ತದೆ, ಆ್ಯಪ್ ತೆರೆದಾಗ ಅದು ಫೋರ್ಕ್ ಆಗುತ್ತದೆ, ಹೀಗಾಗಿ ಬದಲಾಗದ ಪುಟಗಳನ್ನೆಲ್ಲ ಹತ್ತಾರು ಆ್ಯಪ್‌ಗಳು ಒಂದೇ ಪ್ರತಿಯಿಂದ ಓದುತ್ತವೆ. ರೆಡಿಸ್ ಡೇಟಾಬೇಸ್ ತನ್ನ ದತ್ತಾಂಶವನ್ನು ಡಿಸ್ಕ್‌ಗೆ ಉಳಿಸುವಾಗಲೂ ಫೋರ್ಕ್ ಮಾಡಿ, ಆ ಕ್ಷಣದ ಸ್ಥಿತಿಯನ್ನು ಮರಿಯಿಂದ ಬರೆಸುತ್ತದೆ. ತಾಯಿ ಎಂದಿನಂತೆ ಗ್ರಾಹಕರಿಗೆ ಉತ್ತರಿಸುತ್ತಿರುತ್ತದೆ.

ಓಪನ್ ಆಗಿರುವ ಫೈಲುಗಳ ವಿಷಯ ಸ್ವಲ್ಪ ಬೇರೆ. ತೆರೆದ ಫೈಲನ್ನು ಗುರುತಿಸುವ ಫೈಲ್ ಡಿಸ್ಕ್ರಿಪ್ಟರ್‌ನ ಸಂಖ್ಯೆ ಮರಿಗೆ ನಕಲಾಗಿ ಸಿಗುತ್ತದೆಯಾದರೂ, ಫೈಲಿನಲ್ಲಿ ಎಲ್ಲಿಯವರೆಗೆ ಓದಿ ಆಗಿದೆ ಎಂಬ ಸ್ಥಾನ ಇಬ್ಬರಿಗೂ ಒಂದೇ. ಮರಿ ನೂರು ಬೈಟ್ ಓದಿದರೆ ತಾಯಿಯ ಮುಂದಿನ ಓದು ನೂರರ ನಂತರವೇ ಆರಂಭವಾಗುತ್ತದೆ.

ನಾಲ್ಕನೇ ಹಂತ: ಎಕ್ಸೆಕ್

ಎಕ್ಸೆಕ್‌ವಿಇ ಹೊಸ ಪ್ರೊಸೆಸ್ ಹುಟ್ಟಿಸುವುದಿಲ್ಲ. ಇರುವ ಪ್ರೊಸೆಸ್‌ನ ಮೆಮೊರಿಯನ್ನು ಬರಿದು ಮಾಡಿ ಹೊಸ ಪ್ರೋಗ್ರಾಮ್ ತುಂಬುತ್ತದೆ. ಪಿಐಡಿ, ಪ್ರಸ್ತುತ ಫೋಲ್ಡರ್, ಓಪನ್ ಫೈಲುಗಳು ಹಾಗೆಯೇ ಉಳಿಯುತ್ತವೆ (ಎಕ್ಸೆಕ್ ಆದಾಗ ಮುಚ್ಚಬೇಕೆಂದು ಗುರುತು ಹಾಕಿದ ಫೈಲುಗಳನ್ನು ಬಿಟ್ಟು). ಈ ಕರೆ ಯಶಸ್ವಿಯಾದರೆ ಮರಳುವುದೇ ಇಲ್ಲವಾದ್ದರಿಂದ, ಅದರ ಮುಂದಿನ ಸಾಲಿನಲ್ಲಿ ದೋಷವನ್ನು ವರದಿ ಮಾಡಿ ಹೊರಬೀಳುವ ಕೋಡ್ ಮಾತ್ರ ಇರಬೇಕು.

ಹುಟ್ಟಿಸುವುದು ಒಂದು ಕರೆ, ತುಂಬುವುದು ಇನ್ನೊಂದು ಕರೆ, ಏಕೆ? ವಿಂಡೋಸ್ ಈ ಎರಡನ್ನೂ ಕ್ರಿಯೇಟ್‌ಪ್ರೊಸೆಸ್ ಎಂಬ ಒಂದರಲ್ಲೇ ಮುಗಿಸುತ್ತದೆ. ಯುನಿಕ್ಸ್‌ನ ಮೊದಲ ರೂಪ ಬೆಲ್ ಲ್ಯಾಬ್ಸ್‌ನ ಪಿಡಿಪಿ-7 ಯಂತ್ರದಲ್ಲಿ ಓಡುತ್ತಿದ್ದಾಗ ಫೋರ್ಕ್‌ಗೆ ಬೇಕಾದದ್ದು 27 ಸಾಲು ಅಸೆಂಬ್ಲಿ ಕೋಡ್ ಮಾತ್ರ ಎಂದು ಡೆನ್ನಿಸ್ ರಿಚಿ ಬರೆದಿಟ್ಟಿದ್ದಾರೆ. ಅಂದಮೇಲೆ ಸರಳತೆಯೇ ಮೊದಲ ಕಾರಣವಾಗಿರಬೇಕು. ಆದರೆ ಈ ಎರಡು ಕರೆಗಳ ನಡುವಿನ ಬಿಡುವು ತುಂಬ ಉಪಯುಕ್ತ. ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸುವಂತೆ ಆಜ್ಞೆ ಕೊಟ್ಟಾಗ, ಮರಿ ಹುಟ್ಟಿದ ಮೇಲೆ ಮತ್ತು ಎಲ್‌ಎಸ್ ತುಂಬಿಕೊಳ್ಳುವ ಮೊದಲು, ಶೆಲ್‌ನದೇ ಕೋಡ್ ಆ ಫೈಲನ್ನು ತೆರೆದು ಡಪ್2 ಕರೆಯಿಂದ ಔಟ್‌ಪುಟ್ ಹೋಗುವ 1ನೇ ಡಿಸ್ಕ್ರಿಪ್ಟರ್‌ಗೆ ಜೋಡಿಸಿರುತ್ತದೆ. ಎಲ್‌ಎಸ್‌ಗೆ ಇದರ ಸುಳಿವೂ ಇರುವುದಿಲ್ಲ. ಫೋಲ್ಡರ್ ಬದಲಿಸುವ ಸಿಡಿ ಆಜ್ಞೆ ಶೆಲ್‌ನೊಳಗೇ ಇರುವ ಕಾರಣವೂ ಇಲ್ಲಿಯೇ ತಿಳಿಯುತ್ತದೆ: ಮರಿ ತನ್ನ ಫೋಲ್ಡರ್ ಬದಲಿಸಿಕೊಂಡರೆ ಬದಲಾಗುವುದು ಅದರ ನಕಲು, ತಾಯಿ ಇದ್ದಲ್ಲೇ ಇರುತ್ತದೆ.

ಐದನೇ ಹಂತ: ವೇಟ್ ಮತ್ತು ಜೋಂಬಿ

ಮರಿ ಕೂಡಲೇ ಮುಗಿದು, ತಾಯಿ ವೇಟ್ ಕರೆಯದೆ 60 ಸೆಕೆಂಡ್ ಮಲಗುವಂತೆ ಪ್ರೋಗ್ರಾಮ್ ಬರೆಯಿರಿ. ಇನ್ನೊಂದು ಟರ್ಮಿನಲ್‌ನಲ್ಲಿ ಪಿಎಸ್ ಆಜ್ಞೆಯನ್ನು 'ಇ' ಆಯ್ಕೆಯೊಂದಿಗೆ ಕೊಟ್ಟರೆ ಮರಿಯ ಮುಂದೆ 'ಡಿಫಂಕ್ಟ್' ಎಂದಿರುತ್ತದೆ. ಇದೇ ಜೋಂಬಿ. ಅದರ ಮೆಮೊರಿ ಆಗಲೇ ತೆರವಾಗಿದ್ದು, ತಾಯಿ ಕೇಳಿದಾಗ ಹೇಳಲೆಂದು ಪಿಐಡಿ, ಮುಗಿದ ಸ್ಥಿತಿ ಮತ್ತಿತರ ಅಲ್ಪ ಮಾಹಿತಿ ಮಾತ್ರ ಕರ್ನಲ್‌ನಲ್ಲಿ ಉಳಿದಿರುತ್ತದೆ. ಅದಕ್ಕೆ ಪ್ರೊಸೆಸ್ ಅನ್ನು ಬಲವಂತವಾಗಿ ಮುಗಿಸುವ 9ನೇ ಸಿಗ್ನಲ್ ಕಳಿಸಿ ಪ್ರಯೋಜನವಿಲ್ಲ, ಸತ್ತದ್ದನ್ನು ಮತ್ತೆ ಕೊಲ್ಲಲಾಗದು. ತಾಯಿಯನ್ನು ಮುಗಿಸಿದರೆ ಸಾಮಾನ್ಯವಾಗಿ ಪಿಐಡಿ 1 ಇರುವ ಪ್ರೊಸೆಸ್ ಅದನ್ನು ದತ್ತು ಪಡೆದು ವೇಟ್ ಮಾಡಿ ತೆರವುಗೊಳಿಸುತ್ತದೆ. ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಡಾಕರ್ ಕಂಟೇನರ್‌ನಲ್ಲಿ ನಿಮ್ಮ ಪ್ರೋಗ್ರಾಮೇ ಪಿಐಡಿ 1 ಆಗಿರುವುದರಿಂದ, ಅದಕ್ಕೆ ಈ ಕರ್ತವ್ಯ ಗೊತ್ತಿಲ್ಲದಿದ್ದರೆ ಜೋಂಬಿಗಳು ಸೇರುತ್ತಾ ಹೋಗುತ್ತವೆ. ಡಾಕರ್‌ನ 'ಇನಿಟ್' ಆಯ್ಕೆ ಇರುವುದು ಇದಕ್ಕಾಗಿಯೇ.

ಎಕ್ಸಿಟ್‌ಗೆ ಕೊಟ್ಟ ಸಂಖ್ಯೆಯಲ್ಲಿ ಕೆಳಗಿನ 8 ಬಿಟ್‌ಗಳು ಮಾತ್ರ ತಾಯಿಗೆ ತಲುಪುತ್ತವೆ, ಆದ್ದರಿಂದ 256 ಕೊಟ್ಟರೆ ಸೊನ್ನೆಯಾಗಿ ಕಾಣುತ್ತದೆ. ಶೆಲ್‌ನಲ್ಲಿ 137 ಎಂದು ಕಂಡರೆ ಅದು ಸಾಮಾನ್ಯವಾಗಿ 128ಕ್ಕೆ 9 ಸೇರಿದ್ದು, ಅಂದರೆ 9ನೇ ಸಿಗ್ನಲ್‌ನಿಂದ ಸತ್ತದ್ದು.

ಆರನೇ ಹಂತ: ಥ್ರೆಡ್

ಪಿಥ್ರೆಡ್ ಲೈಬ್ರರಿ ಬಳಸಿ ಎರಡು ಥ್ರೆಡ್ ಹುಟ್ಟಿಸುವ ಪ್ರೋಗ್ರಾಮನ್ನು ಸ್ಟ್ರೇಸ್ ಕೆಳಗೆ ಓಡಿಸಿ. ಮತ್ತೆ ಕ್ಲೋನ್ ಕಾಣುತ್ತದೆ. ಜಿಲಿಬ್‌ಸಿ ಮತ್ತು ಕರ್ನಲ್ ಹೊಸದಾಗಿದ್ದರೆ ಕ್ಲೋನ್3 ಎಂದಿರುತ್ತದೆ. ಈ ಬಾರಿ ಗುರುತುಗಳ ಉದ್ದನೆಯ ಸಾಲೇ ಇರುತ್ತದೆ: ಮೆಮೊರಿ ಒಂದೇ ಇರಲಿ, ಫೈಲ್ ಪಟ್ಟಿ ಒಂದೇ ಇರಲಿ, ಪ್ರಸ್ತುತ ಫೋಲ್ಡರ್ ಒಂದೇ ಇರಲಿ, ಸಿಗ್ನಲ್ ಹ್ಯಾಂಡ್ಲರ್ ಒಂದೇ ಇರಲಿ, ಥ್ರೆಡ್ ಗುಂಪೂ ಒಂದೇ ಇರಲಿ. ಫಂಕ್ಷನ್ ಕರೆಗಳ ಲೆಕ್ಕವಿಡುವ ಸ್ಟ್ಯಾಕ್ ಮಾತ್ರ ಬೇರೆ, ಅದಕ್ಕಾಗಿ ಎಂಮ್ಯಾಪ್ ಮೂಲಕ ಸಾಮಾನ್ಯವಾಗಿ 8 ಎಂಬಿ ವಿಳಾಸಾವಕಾಶವನ್ನು ಮೊದಲೇ ಕಾದಿರಿಸಿರುವುದೂ ಕಾಣುತ್ತದೆ. ಎಲ್ಲ ಥ್ರೆಡ್‌ಗಳಲ್ಲೂ ಗೆಟ್‌ಪಿಐಡಿ ಒಂದೇ ಸಂಖ್ಯೆ ಕೊಡುತ್ತದೆ, ಗೆಟ್‌ಟಿಐಡಿ ಬೇರೆಬೇರೆ ಕೊಡುತ್ತದೆ.

ಹಂಚಿಕೊಂಡ ಮೆಮೊರಿಯನ್ನು ಒಮ್ಮೆಗೆ ಒಂದೇ ಥ್ರೆಡ್ ಮುಟ್ಟುವಂತೆ ಮಾಡುವ ಲಾಕ್‌ಗಳನ್ನು (ಮ್ಯೂಟೆಕ್ಸ್) ನೋಡಬೇಕಾದರೆ ಫ್ಯೂಟೆಕ್ಸ್ ಎಂಬ 202ನೇ ಕರೆಯನ್ನು ಗಮನಿಸಿ. ಪೈಪೋಟಿ ಇಲ್ಲದಾಗ ಮ್ಯೂಟೆಕ್ಸ್ ಹಿಡಿಯುವುದಕ್ಕೂ ಬಿಡುವುದಕ್ಕೂ ಕರ್ನಲ್ ಬೇಕಾಗುವುದೇ ಇಲ್ಲ, ಎಲ್ಲವೂ ಪ್ರೋಗ್ರಾಮಿನ ಮೆಮೊರಿಯಲ್ಲೇ ಮುಗಿಯುತ್ತದೆ. ಲಾಕ್ ಇನ್ನೊಬ್ಬರ ಕೈಯಲ್ಲಿದ್ದು ಕಾಯಬೇಕಾಗಿ ಬಂದಾಗಷ್ಟೇ ಫ್ಯೂಟೆಕ್ಸ್ ಕಾಣಿಸಿಕೊಳ್ಳುತ್ತದೆ. ಥ್ರೆಡ್ ಮುಗಿಯುವುದನ್ನು ಕಾಯುವ ಪಿಥ್ರೆಡ್ ಜಾಯಿನ್ ಕೂಡ ಬಳಸುವುದು ಇದನ್ನೇ, ವೇಟ್4 ಅನ್ನಲ್ಲ.

ಏಳನೇ ಹಂತ: ಥ್ರೆಡ್ ಇರುವಲ್ಲಿ ಫೋರ್ಕ್

ಬಹಳಷ್ಟು ಜನ ಎಡವುವುದು ಇಲ್ಲಿ. ಹಲವು ಥ್ರೆಡ್‌ಗಳಿರುವ ಪ್ರೊಸೆಸ್ ಫೋರ್ಕ್ ಆದಾಗ ಮೆಮೊರಿ ಪೂರ್ತಿ ನಕಲಾಗುತ್ತದೆ, ಆದರೆ ಥ್ರೆಡ್‌ಗಳಲ್ಲಿ ಫೋರ್ಕ್ ಕರೆದದ್ದೊಂದೇ ಮರಿಗೆ ಬರುತ್ತದೆ. ಆ ಕ್ಷಣದಲ್ಲಿ ಬೇರೊಂದು ಥ್ರೆಡ್ ಯಾವುದೋ ಲಾಕ್ ಹಿಡಿದಿದ್ದರೆ, ಮರಿಯ ಮೆಮೊರಿಯಲ್ಲೂ ಅದು ಹಿಡಿದ ಸ್ಥಿತಿಯಲ್ಲೇ ಇರುತ್ತದೆ, ಬಿಡುವವರು ಮಾತ್ರ ಅಲ್ಲಿ ಇರುವುದಿಲ್ಲ. ಆದ್ದರಿಂದಲೇ ಇಂಥ ಮರಿಯಲ್ಲಿ ಎಕ್ಸೆಕ್ ಆಗುವವರೆಗೆ ಸಿಗ್ನಲ್ ಹ್ಯಾಂಡ್ಲರ್‌ನೊಳಗೂ ಸುರಕ್ಷಿತವಾದ ಕೆಲವೇ ಫಂಕ್ಷನ್‌ಗಳನ್ನು ಕರೆಯಬೇಕೆಂಬುದು ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್‌ನ ನಿಯಮ. ಪೈಥಾನ್ 3.12ರಿಂದ ಇಂಥ ಸಂದರ್ಭದಲ್ಲಿ ಎಚ್ಚರಿಕೆ ಮೂಡುತ್ತದೆ, ಮತ್ತು 3.14ರಲ್ಲಿ ಲಿನಕ್ಸ್‌ನ ಮಲ್ಟಿಪ್ರೊಸೆಸಿಂಗ್‌ಗೆ ಫೋರ್ಕ್ ಡೀಫಾಲ್ಟ್ ಆಗಿ ಉಳಿದಿಲ್ಲ.

ನಿಮ್ಮ ಮರಿ ಪ್ರೊಸೆಸ್ ಸದ್ದಿಲ್ಲದೆ ನಿಂತುಬಿಟ್ಟರೆ ಸ್ಟ್ರೇಸ್‌ನ 'ಪಿ' ಆಯ್ಕೆಗೆ ಅದರ ಪಿಐಡಿ ಕೊಟ್ಟು ಜೋಡಿಸಿ. ಉಬುಂಟುವಿನಲ್ಲಿ ಇದಕ್ಕೆ ಸುಡೋ ಬೇಕಾಗುತ್ತದೆ. ಫ್ಯೂಟೆಕ್ಸ್ ಕಾಯುವ ಕರೆಯೊಂದು ಮುಗಿಯದೆ ನಿಂತಿದ್ದು, ಪ್ರಾಕ್ ಫೋಲ್ಡರ್‌ನಲ್ಲಿ ಆ ಪಿಐಡಿಯ ಕೆಳಗಿರುವ 'ಟಾಸ್ಕ್' ಎಂಬಲ್ಲಿ ಒಂದೇ ಸಂಖ್ಯೆ ಇದ್ದರೆ, ಮೇಲೆ ಹೇಳಿದ್ದೇ ಆಗಿರುವ ಸಾಧ್ಯತೆ ಹೆಚ್ಚು. ಆಗ ಥ್ರೆಡ್‌ಗಳನ್ನು ಆರಂಭಿಸುವ ಮೊದಲೇ ಫೋರ್ಕ್ ಮುಗಿಸುವಂತೆ ಕೋಡನ್ನು ಮರುಜೋಡಿಸಿ, ಅಥವಾ ಬೇರೊಂದು ಪ್ರೋಗ್ರಾಮನ್ನು ಓಡಿಸುವುದಷ್ಟೇ ಉದ್ದೇಶವಾಗಿದ್ದರೆ ಪೋಸಿಕ್ಸ್ ಸ್ಪಾನ್ ಫಂಕ್ಷನ್ ಬಳಸಿ.