ಶಿರಾ ಸೀಮೆಯಲ್ಲಿ ತಾಮ್ರ ಹುಡುಕಿದ ಮೂರು ವರ್ಷ

"ಎಷ್ಟು ಇಂಚು ಬಂತು ಸಾರ್?"

ಡ್ರಿಲ್ಲಿಂಗ್ ಶುರುವಾದ ಮೂರನೇ ದಿನ ಪಕ್ಕದ ಹೊಲದ ಅಜ್ಜ ಕೇಳಿದರು. ಶಿರಾ, ಪಾವಗಡ, ಮಧುಗಿರಿ ಕಡೆ ಹೊಲದಲ್ಲಿ ರಿಗ್ ನಿಂತರೆ ಅದು ನೀರಿಗೇ. ಸಾವಿರ ಅಡಿ ಕೊರೆಸಿ ಒಂದೂವರೆ ಇಂಚು ನೀರು ಸಿಕ್ಕರೆ ಪುಣ್ಯ ಅನ್ನುವ ಸೀಮೆ. ನಾವು ಹುಡುಕುತ್ತಿರುವುದು ನೀರಲ್ಲ, ಕಲ್ಲು ಎಂದೆ. ಅಜ್ಜ ಸುತ್ತಲಿನ ಗುಡ್ಡಗಳನ್ನೆಲ್ಲ ನೋಡಿದರು. "ಇಲ್ಲಿ ಕಲ್ಲಿಗೇನು ಬರವಾ?"

ಪೆಟ್ಟಿಗೆಯಿಂದ ಒಂದು ತುಂಡು ಕೋರ್, ಅಂದರೆ ರಿಗ್ ಕೊರೆದು ತೆಗೆದ ಕೋಲಿನಂಥ ಉದ್ದನೆಯ ಕಲ್ಲು, ತೆಗೆದು ಅವರ ಕೈಗಿಟ್ಟೆ. ಕಪ್ಪು ಕಲ್ಲಿನ ನಡುವೆ ಹಿತ್ತಾಳೆ ಬಣ್ಣದ ಸಣ್ಣ ಗೆರೆ. ಚಾಲ್ಕೊಪೈರೈಟ್, ತಾಮ್ರದ ಅದಿರು. ನಿಮ್ಮ ಮನೆಯ ತಾಮ್ರದ ಬಿಂದಿಗೆ ಇಂಥದ್ದರಿಂದಲೇ ಬಂದಿದ್ದು ಎಂದೆ. ಅವರು ಅದನ್ನು ಬಹಳ ಹೊತ್ತು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಊರಲ್ಲಿ ಯಾರು ಕೇಳಿದರೂ ಅವರೇ ಬಿಡಿಸಿ ಹೇಳುತ್ತಿದ್ದರು.

ಇದು 2006ರಿಂದ 2009ರವರೆಗಿನ ಮಾತು. ನಾನು ಆಗ ಒಂದು ಸಣ್ಣ ಅನ್ವೇಷಣಾ ಕಂಪನಿಯ ಭೂವಿಜ್ಞಾನಿ. ಬೆಂಗಳೂರಿನಲ್ಲಿ ಎರಡು ಕೋಣೆಯ ಆಫೀಸು, ಶಿರಾದಲ್ಲಿ ಬಾಡಿಗೆಗೆ ಹಿಡಿದ ಹಳೆಯ ಮನೆಯೇ ಕ್ಯಾಂಪು. ಇಂಥ ಕಂಪನಿಗೆ ಗಣಿ ಇರುವುದಿಲ್ಲ, ಆದಾಯವೂ ಇರುವುದಿಲ್ಲ. ಇರುವುದು ಪರವಾನಗಿ, ಒಂದಿಷ್ಟು ನಕ್ಷೆ, ಷೇರುದಾರರ ದುಡ್ಡು. ಆ ದುಡ್ಡು ಮುಗಿಯುವ ಮೊದಲು ಏನಾದರೂ ತೋರಿಸಬೇಕು.

ಇಲ್ಲಿಗೇ ಯಾಕೆ ಬಂದೆವು ಅಂದರೆ, ಗದಗದಿಂದ ಶ್ರೀರಂಗಪಟ್ಟಣದವರೆಗೆ ಒಂದು ಹಳೆಯ ಶಿಲಾಪಟ್ಟಿ ಹಾದುಹೋಗುತ್ತದೆ. ಅದೇ ಚಿತ್ರದುರ್ಗ ಶಿಸ್ಟ್ ಬೆಲ್ಟ್. ಚಿತ್ರದುರ್ಗದ ಹತ್ತಿರ ಇಂಗಳದಾಳದಲ್ಲಿ ಹಿಂದೆ ಇದರಿಂದಲೇ ತಾಮ್ರ ತೆಗೆದಿದ್ದಾರೆ. ಅದೇ ಪಟ್ಟಿ ತುಮಕೂರು ಜಿಲ್ಲೆಗೂ ಬರುತ್ತದೆ. ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣ, ಮ್ಯಾಂಗನೀಸ್. ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಹಟ್ಟಿ ಕಂಪನಿ ಚಿನ್ನ ತೆಗೆದಿದೆ. ಅಲ್ಲಿ ಚಿನ್ನ ಇದ್ದರೆ ಪಕ್ಕದಲ್ಲಿ ತಾಮ್ರ ಯಾಕಿರಬಾರದು ಎಂಬುದು ನಮ್ಮ ಲೆಕ್ಕ.

ಮೊದಲ ಕೆಲಸ ಮಣ್ಣಿನ ಸ್ಯಾಂಪಲ್. 200 ಮೀಟರ್‌ಗೆ ಒಂದು ಸಾಲು, ಸಾಲಿನಲ್ಲಿ 50 ಮೀಟರ್‌ಗೆ ಒಂದು ಗುಂಡಿ. ಮೊಣಕೈ ಉದ್ದ ಅಗೆದು, ಕೆಳಗಿನ ಮಣ್ಣು ತೆಗೆದು, ಜರಡಿ ಹಿಡಿದು ಚೀಲಕ್ಕೆ ಹಾಕುವುದು. ಕೆಲಸಕ್ಕೆ ಬಂದವರು ಹೆಚ್ಚಾಗಿ ಆ ಊರಿನ ಹೆಂಗಸರೇ. ಉಂಗುರ, ತಾಮ್ರದ ಬಳೆ ತೆಗೆದಿಟ್ಟು ಬನ್ನಿ ಎಂದು ಹೇಳಬೇಕಾಗುತ್ತಿತ್ತು. ಅವುಗಳ ಲೋಹ ಸವೆದು ಮಣ್ಣಿಗೆ ಬೆರೆತರೆ ಲ್ಯಾಬಿನ ಲೆಕ್ಕ ತಪ್ಪುತ್ತದೆ ಎಂದು ಒಮ್ಮೆ ವಿವರಿಸಿದ ಮೇಲೆ ಅವರೇ ಒಬ್ಬರನ್ನೊಬ್ಬರು ಎಚ್ಚರಿಸುತ್ತಿದ್ದರು.

ಲ್ಯಾಬ್ ರಿಪೋರ್ಟ್ ಬಂದಾಗ ಎರಡು ಕಡೆ ತಾಮ್ರ ಜಾಸ್ತಿ ಕಂಡಿತು. ಒಂದು ಗುಡ್ಡದ ಬುಡ. ಇನ್ನೊಂದು ಬಯಲಿನಲ್ಲಿ. ಬಯಲಿನದೇ ದೊಡ್ಡದು. ಬೆಂಗಳೂರಿನ ಆಫೀಸಿನಲ್ಲಿ ಎಲ್ಲರಿಗೂ ಖುಷಿ. ನಾನು ಮತ್ತೆ ಅಲ್ಲಿಗೆ ಹೋಗಿ ನಡೆದಾಡಿದೆ. ಬಂಡೆ ಇಲ್ಲ, ಹಸಿರು ಕಲೆ ಇಲ್ಲ, ಏನೂ ಇಲ್ಲ. ಇದ್ದಿದ್ದು ದಾಳಿಂಬೆ ತೋಟ. ತೋಟದವರ ಜೊತೆ ಕೂತು ಟೀ ಕುಡಿಯುವಾಗ ಶೆಡ್ಡಿನ ಮೂಲೆಯಲ್ಲಿ ನೀಲಿ ಚೀಲ ಕಂಡಿತು. ಮೈಲುತುತ್ತ. ದಾಳಿಂಬೆಯ ಚುಕ್ಕೆ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ವರ್ಷಗಟ್ಟಲೆ ಹೊಡೆದ ತಾಮ್ರ ಎಲ್ಲಿಗೆ ಹೋಗುತ್ತದೆ? ಮಣ್ಣಿನಲ್ಲೇ ಕೂರುತ್ತದೆ.

ನಕ್ಷೆಯ ಮೇಲೆ ತೋಟಗಳನ್ನೆಲ್ಲ ಗುರುತು ಹಾಕಿದೆ. ಬಯಲಿನ ತಾಮ್ರ ತೋಟದ ಬೇಲಿಗೇ ಸರಿಯಾಗಿ ನಿಂತಿತ್ತು. ಅದನ್ನು ಕೈಬಿಟ್ಟೆವು. ಗುಡ್ಡದ ಬುಡದ್ದು ಉಳಿಯಿತು. ಈ ಸೀಮೆಯಲ್ಲಿ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಸ್ಯಾಂಪಲ್ ಚೀಟಿಯಲ್ಲಿ ಬೆಳೆ ಯಾವುದು ಎಂಬ ಕಾಲಂ ಇರಲಿ. ರಾಗಿಯೋ, ಕಡಲೆಕಾಯಿಯೋ, ತೋಟವೋ. ಅದನ್ನು ಬರೆಯಲು ಎರಡು ಸೆಕೆಂಡ್ ಸಾಕು.

ಗುಡ್ಡದ ಬುಡದಲ್ಲಿ ಕಾಲುವೆ ತೋಡಿದಾಗ ತಾಮ್ರದ ಹಸಿರು ಖನಿಜ ಮ್ಯಾಲಕೈಟ್ ಕಂಡಿತು. ಆದರೆ ಕೊರೆಯಲು ನಮ್ಮ ಹತ್ತಿರ ದುಡ್ಡಿರಲಿಲ್ಲ. ಆಗ ಒಂದು ಮೀಟರ್ ಕೋರ್ ತೆಗೆಯುವ ಖರ್ಚು ಕೂಲಿಯವರ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಆಗ ಬಂದವರು ದೊಡ್ಡ ಪಾಲುದಾರರು, ಹೊರದೇಶದ ಗಣಿ ಕಂಪನಿ. ತಾಮ್ರದ ಬೆಲೆ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ 8,000 ಡಾಲರ್ ದಾಟಿದ್ದ ಕಾಲ. ಎಲ್ಲರೂ ತಾಮ್ರ ಹುಡುಕುತ್ತಿದ್ದರು.

ಒಪ್ಪಂದ ಹೀಗಿತ್ತು. ಅವರು ನಮಗೆ ದುಡ್ಡು ಕೊಟ್ಟು ಪಾಲು ಕೊಳ್ಳುವುದಿಲ್ಲ. ನೆಲದ ಮೇಲೆ ಖರ್ಚು ಮಾಡಿ ಪಾಲು ಗಳಿಸುತ್ತಾರೆ. ಮೊದಲ ಹಂತದ ಖರ್ಚು ಪೂರ್ತಿ ಮಾಡಿದರೆ 51% ಅವರದು. ಮುಂದಿನ ಹಂತವನ್ನೂ ಮುಗಿಸಿದರೆ 75%. ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಎಂಬ ಷರತ್ತೂ ಇತ್ತು. ಅದಾದ ಮೇಲೆ ಅವರು ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ಹಂತ ಮುಗಿಸದೆ ಹೋದರೆ ಒಂದು ಪೈಸೆ ಪಾಲೂ ಇಲ್ಲ. ಪರವಾನಗಿ ಮಾತ್ರ ನಮ್ಮ ಹೆಸರಲ್ಲೇ. ರಾಜ್ಯ ಸರ್ಕಾರದ ಒಪ್ಪಿಗೆ ಇಲ್ಲದೆ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿರಲಿಲ್ಲ. ಅವಧಿ ಮೂರು ವರ್ಷ, ನವೀಕರಣ ಸೇರಿ ಹೆಚ್ಚೆಂದರೆ ಐದು. ಹಾಗಾಗಿ ಗಡಿಯಾರ ನಮ್ಮಿಬ್ಬರಿಗೂ ಒಂದೇ ಓಡುತ್ತಿತ್ತು.

ಇದರಲ್ಲಿ ಸಣ್ಣ ಕಂಪನಿ ಕೊಡುವುದೇನು? ದುಡ್ಡು ಅವರದು, ಯಂತ್ರಕ್ಕೆ ಬಾಡಿಗೆ ಅವರದು. ನಾವು ಕೊಡುವುದು ನೆಲದ ಪರಿಚಯ, ಮತ್ತೆ ನಂಬಬಹುದಾದ ದಾಖಲೆ. ನನ್ನ ಕೆಲಸ ಪೂರ್ತಿ ಅದೇ ಆಗಿತ್ತು ಎಂದು ಈಗಲೂ ನಂಬಿದ್ದೇನೆ.

ಅದನ್ನು ಕಲಿಸಿದವರು ನಮ್ಮ ರಿಗ್ಗಿನ ಮೇಸ್ತ್ರಿ. ಕೆಜಿಎಫ್‌ನವರು. ಅವರ ತಂದೆ, ಅವರು, ಇಬ್ಬರೂ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ನೆಲದೊಳಗೆ ಮೂರು ಕಿಲೋಮೀಟರ್‌ಗೂ ಆಳ ಹೋದ ಗಣಿ ಅದು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಎಲ್ಲೆಲ್ಲೋ ಕೆಲಸ ಮಾಡಿ ನಮ್ಮ ಹತ್ತಿರ ಬಂದಿದ್ದರು. ತಮಿಳು ಬೆರೆತ ಕನ್ನಡ. ಮೊದಲ ದಿನವೇ ನನ್ನನ್ನು ಕರೆದರು. "ಸಾರ್, ಓಡಿಸಿದ್ದು ಮೂರು ಮೀಟರ್. ಕೋರ್ ಬಂದಿದ್ದು 2.60. 40 ಸೆಂಟಿ ಎಲ್ಲೋ ಹೋಗಿದೆ. ಬ್ಲಾಕ್ ಮೇಲೆ ಹಾಗೇ ಬರೀರಿ." ಬ್ಲಾಕ್ ಅಂದರೆ ಪೆಟ್ಟಿಗೆಯಲ್ಲಿ ಕೋರಿನ ನಡುವೆ ಅಳತೆ ಬರೆದು ಇಡುವ ಸಣ್ಣ ತುಂಡು. ಪುಡಿಯಾಗಿ ನೀರಿನ ಜೊತೆ ಹೋದ ಕಲ್ಲನ್ನು ಇದ್ದ ಹಾಗೆ ತೋರಿಸಬಾರದು ಎಂಬುದು ಅವರ ಹಟ. ಪೆಟ್ಟಿಗೆಯಲ್ಲಿ ತುಂಡುಗಳನ್ನು ಸ್ವಲ್ಪ ದೂರ ದೂರ ಜೋಡಿಸಿದರೆ ಮೂರು ಮೀಟರ್ ತುಂಬಿದ ಹಾಗೇ ಕಾಣುತ್ತದೆ. ಅವರು ಯಾರಿಗೂ ಹಾಗೆ ಮಾಡಲು ಬಿಡಲಿಲ್ಲ.

ಪ್ರತಿ ಮೀಟರಿಗೂ ಬರೆದೆವು: ಕಲ್ಲು ಯಾವುದು, ಎಷ್ಟು ಒಡೆದಿದೆ, ಅದಿರಿನ ಗೆರೆ ಕೋರ್‌ಗೆ ಎಷ್ಟು ಡಿಗ್ರಿಯಲ್ಲಿದೆ, ಕೊರೆಯುವಾಗ ನೀರು ಎಲ್ಲಿ ಬಂತು, ಎಲ್ಲಿ ಇಂಗಿತು. ಏನೂ ಇಲ್ಲದ ಕಲ್ಲಿಗೂ ಅಷ್ಟೇ ಬರವಣಿಗೆ. ಸಂಜೆ ಹೊತ್ತಿಗೆ ಕೈ ನೋಯುತ್ತಿತ್ತು.

ನಾಲ್ಕನೇ ಬೋರಿನಲ್ಲಿ 112 ಮೀಟರ್ ಹತ್ತಿರ ಅದಿರು ಬಂತು. ಕೋರಿನ ಉದ್ದದಲ್ಲಿ 3.8 ಮೀಟರ್. ಮೇಸ್ತ್ರಿ ರಿಗ್ ನಿಲ್ಲಿಸಿ ಕರೆದರು. ಚಾಕುವಿನಿಂದ ಗೀರಿದೆ. ನೋಡಲು ಹಾಗೇ ಇರುವ, ತಾಮ್ರವಿಲ್ಲದ ಪೈರೈಟ್ ಆದರೆ ಚಾಕುವಿಗೆ ಬಗ್ಗುವುದಿಲ್ಲ, ಚಾಲ್ಕೊಪೈರೈಟ್ ಗೀರು ಬೀಳುತ್ತದೆ. ಗೀರು ಬಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೋರನ್ನು ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ, ಅರ್ಧ ಪೆಟ್ಟಿಗೆಯಲ್ಲೇ. ಪ್ರತಿ ಇಪ್ಪತ್ತು ಸ್ಯಾಂಪಲ್‌ಗಳ ನಡುವೆ ಒಂದು ತಾಮ್ರವೇ ಇಲ್ಲದ ಕಲ್ಲಿನ ಪುಡಿ, ಒಂದು ಮೊದಲೇ ಅಳತೆ ಗೊತ್ತಿರುವ ಪುಡಿ ಸೇರಿಸುತ್ತಿದ್ದೆವು. ಲ್ಯಾಬನ್ನೂ ನಮ್ಮನ್ನೂ ಪರೀಕ್ಷೆ ಮಾಡಲಿಕ್ಕೆ. ರಿಪೋರ್ಟ್ ಬಂದಾಗ ತಾಮ್ರವೇ ಇಲ್ಲದ ಪುಡಿಯಲ್ಲಿ 1.1% ತಾಮ್ರ! ಅದಿರಿನ ನಡುವಿನ ಒಂದು ಸ್ಯಾಂಪಲ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಕತ್ತಲಾಗುವ ಹೊತ್ತಿನಲ್ಲಿ ಚೀಲ ತುಂಬುವಾಗ ಎರಡು ಚೀಟಿ ಅದಲುಬದಲಾಗಿದ್ದವು. ಚೀಲಗಳ ಪಟ್ಟಿಗೆ ಸಹಿ ಹಾಕಿದವನು ನಾನೇ.

ಬೆಂಗಳೂರಿನ ಹಿರಿಯರೊಬ್ಬರು ಫೋನಿನಲ್ಲಿ ಹೇಳಿದರು, "ಎರಡು ಅಂಕಿ ತಿದ್ದಿ ಮುಗಿಸಪ್ಪ. ಪಾಲುದಾರರಿಗೆ ಯಾಕೆ ಹೇಳಬೇಕು?" ಅವರ ಭಯ ನನಗೆ ಅರ್ಥವಾಗಿತ್ತು. ಆದರೆ ಎರಡು ಚೀಟಿ ಬದಲಾಗಿದ್ದರೆ ಉಳಿದ ಹದಿನೆಂಟು ಸರಿ ಇವೆ ಎಂದು ಹೇಗೆ ಹೇಳುವುದು? ಪೆಟ್ಟಿಗೆಯಲ್ಲಿ ಉಳಿದಿದ್ದ ಅರ್ಧ ಕೋರನ್ನು ಮತ್ತೆ ಸೀಳಿ, ಆ ಇಡೀ ಕಂತನ್ನು ಹೊಸದಾಗಿ ಕಳಿಸಿದೆ. ಪಾಲುದಾರರಿಗೆ ಏನಾಯಿತು ಎಂದು ಒಂದು ಪುಟದ ಪತ್ರ ಬರೆದೆ. ಬರೆದ ಮೇಲೆ ಕೆಲಸ ಹೋಗಬಹುದು ಎಂದು ಮನೆಯಲ್ಲೂ ಹೇಳಿದ್ದೆ.

ಹತ್ತು ದಿನದೊಳಗೆ ಅವರ ಹಿರಿಯ ಭೂವಿಜ್ಞಾನಿ ಬಂದರು. ಟೀ ಕೂಡ ಬೇಡವೆಂದು ನೇರ ಶೆಡ್ಡಿಗೆ ಹೋದರು. ಎರಡು ದಿನ ಪೆಟ್ಟಿಗೆ ಬಿಚ್ಚಿಸಿ ನಮ್ಮ ಬರವಣಿಗೆಯ ಜೊತೆ ಹೋಲಿಸಿದರು. 2.60 ಎಂದು ಬರೆದ ಬ್ಲಾಕ್ ಹತ್ತಿರ ಟೇಪ್ ಹಿಡಿದು ಅಳೆದರು. ಸರಿಯಾಗಿತ್ತು. ಮೇಸ್ತ್ರಿಯ ಕಡೆ ತಿರುಗಿ ತಲೆಯಾಡಿಸಿದರು. ಹೋಗುವಾಗ ನನಗೆ ಹೇಳಿದ್ದು ಇಷ್ಟೇ: ಬೇರೆ ಕಡೆ ಇಂಥ ತಪ್ಪನ್ನು ನಾವೇ ಹುಡುಕಿ ತೆಗೆಯಬೇಕಾಗುತ್ತದೆ. ಮುಂದಿನ ವಾರ ಇನ್ನೂ ಐದು ಬೋರಿಗೆ ಒಪ್ಪಿಗೆ ಬಂತು.

ಮರುಪರೀಕ್ಷೆಯಲ್ಲಿ 3.8 ಮೀಟರಿಗೆ ಸರಾಸರಿ 1.3% ಬಂತು. ಒಂದು ಟನ್ ಕಲ್ಲಿಗೆ 13 ಕೆಜಿ ತಾಮ್ರ. ಆದರೆ ಬೋರ್ ಅದಿರಿನ ಪಟ್ಟೆಯನ್ನು ಓರೆಯಾಗಿ ಕೊರೆದಿತ್ತು, ಕೋರ್‌ಗೂ ಪಟ್ಟೆಗೂ 40 ಡಿಗ್ರಿ ಕೋನ. ಲೆಕ್ಕ ಹಾಕಿದರೆ ನಿಜವಾದ ದಪ್ಪ 2.4 ಮೀಟರ್ ಮಾತ್ರ. ಎರಡೂ ಅಂಕಿಗಳನ್ನು ಒಟ್ಟಿಗೇ ಬರೆದು ಕಳಿಸಿದೆ. ಮುಂದಿನ ಬೋರ್‌ಗಳು ಐವತ್ತು ಮೀಟರ್ ಆಚೆ, ಈಚೆ, ಕೆಳಗೆ. ಪಟ್ಟೆ ಇತ್ತು, ಆದರೆ ತೆಳ್ಳಗೆ. 0.4%, 0.3%. ಮಧ್ಯಪ್ರದೇಶದಲ್ಲಿ ಆಗ ಇದ್ದ ಮಲಂಜ್‌ಖಂಡದಂಥ ದೊಡ್ಡ ತೆರೆದ ಗಣಿಯಲ್ಲಾದರೆ ಕಡಿಮೆ ಅಂಶದ ಕಲ್ಲನ್ನೂ ರಾಶಿ ರಾಶಿ ತೆಗೆದು ನಿಭಾಯಿಸಬಹುದು. ನೆಲದೊಳಗಿನ ಎರಡು ಮೀಟರ್ ಪಟ್ಟೆಗೆ ಅದು ಸಾಲುವುದಿಲ್ಲ.

2008ರ ಕೊನೆಗೆ ತಾಮ್ರದ ಬೆಲೆ 3,000 ಡಾಲರ್‌ಗಿಂತ ಕೆಳಗಿಳಿಯಿತು. ಕೆಲವೇ ತಿಂಗಳ ಹಿಂದೆ ಅದು 8,000ದ ಮೇಲಿತ್ತು. ಜನವರಿಯಲ್ಲಿ ಪಾಲುದಾರರ ಪತ್ರ ಬಂತು. ಕನಿಷ್ಠ ಖರ್ಚು ಮುಗಿಸಿದ್ದರು, ಷರತ್ತಿನ ಪ್ರಕಾರ ಹೊರಟರು. ನನಗೆ ದುಃಖವಾಯಿತು, ಸಿಟ್ಟು ಬರಲಿಲ್ಲ. ಒಂದು ಮೀಟರಿನ ಬಗ್ಗೆಯೂ ಅವರು ನಮ್ಮನ್ನು ಅನುಮಾನಿಸಿರಲಿಲ್ಲ.

ಬೋರ್‌ಗಳನ್ನು ಸಿಮೆಂಟ್ ಹಾಕಿ ಮುಚ್ಚುವ ಕೆಲಸ ಬಂದಾಗ ಅದೇ ಅಜ್ಜ ಮತ್ತೆ ಬಂದರು. "ಒಂದನ್ನಾದರೂ ಬಿಡಿ ಸಾರ್, ಮೋಟರ್ ಇಳಿಸ್ತೀನಿ." ನಮ್ಮ ಬೋರಿನ ಅಗಲ ಮೂರು ಇಂಚು. ಅವರ ಮೋಟರಿಗೆ ಆರೂವರೆ ಇಂಚು ಬೇಕು. ಆಗಲ್ಲ ಎಂದೆ. ಆಮೇಲೆ ಡೈರಿ ತೆಗೆದೆ. ಅವರ ಬದುವಿನ ಪಕ್ಕದ ಆರನೇ ಬೋರಿನಲ್ಲಿ 71 ಮೀಟರ್ ಹತ್ತಿರ ಒಡಕು ಕಲ್ಲು, ಕೊರೆಯುವ ನೀರೆಲ್ಲ ಅಲ್ಲಿ ಇಂಗಿತ್ತು. ಅಂದರೆ ಅಲ್ಲಿ ಬಿರುಕಿದೆ. ನೀರು ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಾರೆ ಎಂದು ಹೇಳಿ, ಜಾಗ, ಆಳ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

ಮಾರ್ಚಿನಲ್ಲಿ ನಾನು, ಮೇಸ್ತ್ರಿ ಕೂತು ಅಷ್ಟೂ ಪೆಟ್ಟಿಗೆಗಳ ಮೇಲೆ ಮಾಸಿದ ನಂಬರುಗಳನ್ನು ಪೇಂಟಿನಲ್ಲಿ ಮತ್ತೆ ಬರೆದೆವು. ಒಂಬತ್ತು ಬೋರ್, 1,640 ಮೀಟರ್. ಸಂಬಳ ನಿಂತಿತ್ತು. ಮೇಸ್ತ್ರಿ ಆದರೂ ನಾಲ್ಕು ದಿನ ಉಳಿದರು. ಕೊನೆಯ ಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಒಳಗಿನ ಬ್ಲಾಕ್ ಒಂದನ್ನು ತೆಗೆದು ಓದಿ, ಬಟ್ಟೆಯಲ್ಲಿ ಒರೆಸಿ, ಅದರ ಜಾಗದಲ್ಲೇ ಇಟ್ಟರು.