ಹಳೆಯ ಲಾರಿ ಚಾಲಕರ, ಊರಿನ ಟ್ರಾನ್ಸ್‌ಪೋರ್ಟ್ ಕಂಪನಿಗಳ ನೆನಪು ದಾಖಲಿಸುವ ಬಗೆ

ಕಲಾಸಿಪಾಳ್ಯ, ಮಂಗಳೂರು ಬಂದರು, ಹುಬ್ಬಳ್ಳಿ, ದಾವಣಗೆರೆಗಳ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ 1960–70ರ ದಶಕದಲ್ಲಿ ದುಡಿದವರಿಗೆ ಈಗ ವಯಸ್ಸಾಗಿದೆ. ಗದಗದಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಶುರುವಾದ ವಿಜಯಾನಂದ ರೋಡ್‌ಲೈನ್ಸ್‌ನ ಕಥೆ ಎಲ್ಲರಿಗೂ ಸಿಗುತ್ತದೆ. ಎರಡು ಮೂರು ಲಾರಿ ಇಟ್ಟುಕೊಂಡು ಕೆಲವು ವರ್ಷ ಓಡಿಸಿ ಬಾಗಿಲು ಹಾಕಿದ ಕಂಪನಿಯ ಕಥೆ ಯಾರಾದರೂ ಹೋಗಿ ಕೇಳಿ ಬರೆದುಕೊಂಡರೆ ಮಾತ್ರ ಉಳಿಯುತ್ತದೆ.

ಮೊದಲು ಕಾಗದ ಹುಡುಕಿ, ಆಮೇಲೆ ಮಾತಿಗೆ ಕೂರಿ. ಕೈಯಲ್ಲಿ ಒಂದು ಹಳೆಯ ಎಲ್‌ಆರ್ (ಸರಕು ಬುಕ್ ಮಾಡಿದಾಗ ಕೊಡುವ ಲಾರಿ ರಸೀದಿ) ಇದ್ದರೆ ಚಾಲಕರ ಮಾತು ತಾನಾಗಿ ಹೊರಡುತ್ತದೆ. ಎಲ್‌ಆರ್ ಪುಸ್ತಕದ ಆಫೀಸ್ ಪ್ರತಿ, ಟ್ರಿಪ್ ಶೀಟ್, ಆರ್‌ಸಿ ಪುಸ್ತಕ, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ದಿನವಹಿ ಲೆಕ್ಕದ ಪುಸ್ತಕ ಕೇಳಿ. ಆರ್‌ಸಿ ಪುಸ್ತಕವನ್ನು ಪೂರ್ತಿ ತಿರುವಿ ಹಾಕಬೇಕು: ಲಾರಿ ತಯಾರಾದ ವರ್ಷ, ಚಾಸಿ ನಂಬರ್, ಯಾರಿಂದ ಯಾರ ಹೆಸರಿಗೆ ಹೋಯಿತು, ಸಾಲ ಕೊಟ್ಟ ಫೈನಾನ್ಸ್ ಯಾವುದು ಎಲ್ಲವೂ ಅಲ್ಲೇ ಇರುತ್ತವೆ. ಮನೆಯಲ್ಲಿ ಏನೂ ಸಿಗದಿದ್ದರೆ ಊರಿನ ಜಾತ್ರೆ, ಶಾಲಾ ವಾರ್ಷಿಕೋತ್ಸವಗಳ ಸ್ಮರಣ ಸಂಚಿಕೆಗಳ ಜಾಹೀರಾತು ಪುಟ ನೋಡಿ. ಕಂಪನಿಯ ಹೆಸರು, ಶಾಖೆಗಳು, ‘ಪ್ರತಿದಿನ ಸರ್ವೀಸ್’ ಇದ್ದ ಊರುಗಳು ಅಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ.

ತಾರೀಕಿಲ್ಲದ ಕಾಗದದ ಕಾಲ ಗುರುತಿಸಲು ಕೆಲವು ಗಟ್ಟಿ ಗುರುತುಗಳಿವೆ. ಬಾಡಿಗೆ ರೂಪಾಯಿ–ಆಣೆ–ಪೈಯಲ್ಲಿದ್ದರೆ ಅಚ್ಚಾದದ್ದು 1957ರ ಏಪ್ರಿಲ್‌ಗಿಂತ ಮೊದಲು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವೆ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಆದರೆ ಅಚ್ಚಾದ ಪುಸ್ತಕವನ್ನು ಮುಗಿಯುವವರೆಗೂ ಬಳಸುತ್ತಿದ್ದರು. ಹಾಗಾಗಿ ಅಚ್ಚಿಗೂ ಕೈಬರಹಕ್ಕೂ ಹೊಂದದಿದ್ದರೆ ಕೈಬರಹವನ್ನೇ ನಂಬಬೇಕು. ತೂಕ ಮಣದಲ್ಲಿದ್ದರೆ ಅವಸರದಲ್ಲಿ ಕಿಲೋಗೆ ಪರಿವರ್ತಿಸಬೇಡಿ. ಮಣದ ಲೆಕ್ಕ ಊರಿಂದ ಊರಿಗೆ, ಸರಕಿನಿಂದ ಸರಕಿಗೆ ಬೇರೆಯಿತ್ತು. ಬರೆದದ್ದನ್ನು ಹಾಗೆಯೇ ನಕಲು ಮಾಡಿ, ‘ಆ ಊರಿನ ಮಣ ಎಷ್ಟು’ ಎಂದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿಡಿ.

ಫೋಟೊ ವಿಷಯದಲ್ಲಿ ಎಡವುವವರು ಹೆಚ್ಚು. ಟಾಟಾ ಲಾರಿಯ ಮುಂಭಾಗದಲ್ಲಿ ಬೆಂಜ್‌ನ ಮೂರು ಮೂಲೆಯ ನಕ್ಷತ್ರ ಕಂಡರೆ ಅದು 1954ರಿಂದ 1969ರವರೆಗಿನ ಡೈಮ್ಲರ್–ಬೆಂಜ್ ಒಪ್ಪಂದದ ಕಾಲದ ಗಾಡಿ ಎನ್ನಬಹುದು. ಫೋಟೊ ಕೂಡ ಆಗಲೇ ತೆಗೆದದ್ದು ಎನ್ನಲಾಗದು, ಏಕೆಂದರೆ ಅಂಥ ಗಾಡಿಗಳು ಬಾಡಿ ಬದಲಿಸಿಕೊಂಡು ಮುಂದೆಯೂ ಎಷ್ಟೋ ವರ್ಷ ಓಡಿದವು. ನಂಬರ್ ಪ್ಲೇಟಿಗೂ ಇದೇ ಮಾತು. ಎಂವೈ, ಎಂಇ, ಸಿಎ, ಸಿಎನ್‌ನಿಂದ ಶುರುವಾಗುವವು ಹಳೆಯ ನೋಂದಣಿಗಳು. ಕೆಎ ಬಂದದ್ದು 1989ರಲ್ಲಿ ಜಾರಿಗೆ ಬಂದ ಹೊಸ ಮೋಟಾರು ವಾಹನ ಕಾನೂನಿನ ನಂತರ. ಆದರೆ ಹಳೆಯ ನಂಬರಿನ ಗಾಡಿಗಳು 90ರ ದಶಕದಲ್ಲೂ ರಸ್ತೆಯಲ್ಲಿದ್ದವು. ಹಿಂದೆ ಒಂದು ಟಾಟಾ 407 ಕಾಣಿಸಿದರೆ ಫೋಟೊ 1986ಕ್ಕಿಂತ ಹಿಂದಿನದಲ್ಲ. ಲಾರಿಯ ಪಕ್ಕದಲ್ಲಿ ಬರೆದ ಮಾಲೀಕರ ಹೆಸರು, ಊರು, ಯುಎಲ್‌ಡಬ್ಲ್ಯು (ಖಾಲಿ ಗಾಡಿಯ ತೂಕ), ಆರ್‌ಎಲ್‌ಡಬ್ಲ್ಯು (ಲೋಡ್ ಸಮೇತ ನೋಂದಾಯಿತ ತೂಕ) ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದಿ. ಅವು ಆರ್‌ಸಿಗೆ ಹೊಂದಿದರೆ ಗಾಡಿ ಯಾವುದೆಂಬುದಕ್ಕೆ ಬಲವಾದ ಆಧಾರ ಸಿಕ್ಕಂತೆ. ಆಲ್ಬಮ್ಮಿಗೆ ಅಂಟಿಸಿದ ಫೋಟೊ ಕೀಳಲು ಹೋಗಬೇಡಿ, ಹರಿಯುತ್ತದೆ. ಪುಟ ಸಮೇತ ಸ್ಕ್ಯಾನ್ ಮಾಡಿ: ಫೋಟೊಗೆ 600 ಡಿಪಿಐ, ಕಾಗದಕ್ಕೆ 300 ಸಾಕು. ಹರಿದ ಎಲ್‌ಆರ್‌ಗೆ ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಎರಡೂ ಬೇಡ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಶಾಯಿಯನ್ನು ನುಂಗುತ್ತದೆ.

ಇನ್ನು ಮಾತು. ‘ಆಗಿನ ಕಾಲ ಹೇಗಿತ್ತು ಯಜಮಾನ್ರೇ?’ ಎಂದು ಕೇಳಿದರೆ ‘ಈಗಿನ ಹಾಗಲ್ಲ ಬಿಡಿ’ ಎಂಬಲ್ಲಿಗೆ ಮುಗಿಯುತ್ತದೆ. ಒಂದು ಲೋಡನ್ನು ಹಿಡಿದು ಕೊನೆಯವರೆಗೆ ಹೋಗಿ. ಮಂಗಳೂರಿನಿಂದ ಹೆಂಚು ತುಂಬಿ ಶಿರಾಡಿ ಘಾಟಿ ಹತ್ತಿದ ಲೋಡ್ ಎನ್ನೋಣ. ಹೆಂಚು ನಿಲ್ಲಿಸಿ ಜೋಡಿಸಿದ್ದೋ ಮಲಗಿಸಿದ್ದೋ? ನಡುವೆ ಹುಲ್ಲು ತುರುಕುತ್ತಿದ್ದರೇ? ಒಡೆದರೆ ಯಾರ ಲೆಕ್ಕಕ್ಕೆ? ಹಮಾಲಿ (ಹತ್ತಿಸಿ ಇಳಿಸುವ ಕೂಲಿ) ಯಾರು ಕೊಟ್ಟರು, ಸರಕಿನ ಪಾರ್ಟಿಯೋ ಕಂಪನಿಯೋ? ರೇಡಿಯೇಟರಿಗೆ ನೀರು ಎಲ್ಲಿ ಹಾಕಿದರು? ಏರಿನಲ್ಲಿ ಗಾಡಿ ನಿಂತರೆ ಹಿಂದಿನ ಚಕ್ರಕ್ಕೆ ಕೊಡಲು ಮರದ ತುಂಡು ಹಿಡಿದು ಕ್ಲೀನರ್ ಯಾವಾಗ ಇಳಿಯುತ್ತಿದ್ದ? ಇಳಿಜಾರಿನಲ್ಲಿ ಯಾವ ಗೇರ್? ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದವರ ಬ್ರೇಕ್ ಡ್ರಮ್ ಕಾದು ಬ್ರೇಕ್ ಹಿಡಿಯದೆ ಹೋದದ್ದನ್ನು ಕೇಳಿ ಬಲ್ಲವರು ಇದಕ್ಕೆ ಉದ್ದವಾಗಿಯೇ ಉತ್ತರಿಸುತ್ತಾರೆ.

ಟಾರ್ಪಲ್ ಕಟ್ಟುವುದನ್ನು ಕೈಯಲ್ಲೇ ತೋರಿಸಲು ಹೇಳಿ, ಒಂದು ಚಾಪೆ, ಒಂದು ಹಗ್ಗ ಕೊಟ್ಟು ವಿಡಿಯೊ ಮಾಡಿ. ಎರಡು ಟಾರ್ಪಲ್ ಇದ್ದರೆ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚು ಅದರ ಮೇಲೆ ಬರುವಂತೆ ಹೊದಿಸಬೇಕು. ಉಲ್ಟಾ ಆದರೆ ಓಡುವಾಗ ಗಾಳಿ ಸಂದಿಗೆ ನುಗ್ಗಿ ಎತ್ತುತ್ತದೆ, ಮಳೆ ನೀರು ಒಳಗಿಳಿದು ಅಡಿಕೆ, ಸಕ್ಕರೆಯ ಚೀಲ ಹಾಳಾಗುತ್ತದೆ. ಹಗ್ಗ ಎಳೆದು ಬಿಗಿಮಾಡುವ ಆ ಗಂಟನ್ನು ಬರಹದಲ್ಲಿ ಹಿಡಿಯಲಾಗದು. ಈ ಕೆಲಸ ಬಹುಪಾಲು ಕ್ಲೀನರನದು, ಆದ್ದರಿಂದ ಹಳೆಯ ಕ್ಲೀನರರನ್ನೂ ಹಮಾಲರನ್ನೂ ಬುಕಿಂಗ್ ಗುಮಾಸ್ತರನ್ನೂ ಬಿಡದೆ ಹುಡುಕಬೇಕು. ಮಾಲೀಕರ ಮಾತಷ್ಟೇ ಸಿಕ್ಕರೆ ದಾಖಲೆ ಅರ್ಧ.

ಇಸವಿ ನೆನಪಿಲ್ಲವೆಂದರೆ ಒತ್ತಾಯಿಸಬೇಡಿ. ‘ತುರ್ತುಪರಿಸ್ಥಿತಿಗೆ ಮೊದಲೋ ಆಮೇಲೋ?’, ‘ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ನಿಂತಾಗ ಯಾವ ಗಾಡಿ ಓಡಿಸುತ್ತಿದ್ದಿರಿ?’ (ಅದು 1978), ‘ಜಕಾತಿ ನಾಕಾ ಇನ್ನೂ ಇತ್ತೇ?’ ಎಂದು ಕೇಳಿ. ಊರೊಳಗೆ ಬರುವ ಸರಕಿನ ಮೇಲಿನ ತೆರಿಗೆಯಾದ ಜಕಾತಿ ಕರ್ನಾಟಕದಲ್ಲಿ 1979ರಲ್ಲಿ ಹೋಯಿತು, ಮಹಾರಾಷ್ಟ್ರದಲ್ಲಿ ಬಹಳ ಕಾಲ ಉಳಿಯಿತು. ಮುಂಬೈ ಲೈನಿನವರ ನಾಕಾ ಯಾವ ರಾಜ್ಯದ್ದೆಂದು ಬಿಡಿಸಿ ಕೇಳಿ. ಹೆದ್ದಾರಿ ನಂಬರಿನಲ್ಲೂ ಎಚ್ಚರ. ಹಳಬರು ‘ಎನ್‌ಎಚ್ 48’ ಎಂದರೆ ಬೆಂಗಳೂರು–ಮಂಗಳೂರು ರಸ್ತೆ, ಅದೀಗ 75. ಇಂದಿನ 48 ಅವರ ಬಾಯಲ್ಲಿ ‘ಎನ್‌ಎಚ್ 4’, ಪುಣೆ ರಸ್ತೆ. 2010ರಲ್ಲಿ ನಂಬರ್‌ಗಳು ಬದಲಾದವು. ಬರೆಯುವಾಗ ಅವರಂದ ನಂಬರ್ ಉಳಿಸಿ, ಊರ ಹೆಸರು ಸೇರಿಸಿ.

ಧ್ವನಿಮುದ್ರಣಕ್ಕೆ ಫೋನ್ ಸಾಕು, ಆದರೆ ಕಾಲರ್ ಮೈಕ್ ಇರಲಿ. ಬಾಯಿಂದ ಒಂದು ಗೇಣು ದೂರ ಸಾಕು. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ವೇವ್ ಫೈಲಿನಲ್ಲಿ, 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಆದರೆ ಗಂಟೆಗೆ ಸುಮಾರು 520 ಎಂಬಿ ಬೇಕು. ವರ್ಷಗಟ್ಟಲೆ ಎಂಜಿನ್ ಪಕ್ಕ ಕೂತವರಿಗೆ ಕಿವಿ ಮಂದವಾಗಿರಬಹುದು. ಯಾವ ಕಿವಿ ಚೆನ್ನಾಗಿ ಕೇಳುತ್ತದೆಂದು ಮೊದಲೇ ಕೇಳಿ ಆ ಬದಿಗೆ ಕೂರಿ. ಒಂದೂವರೆ ಗಂಟೆಗೆ ನಿಲ್ಲಿಸಿ, ಇನ್ನೊಂದು ದಿನ ಹೋಗಿ.

ಅಪಘಾತ, ಚೆಕ್‌ಪೋಸ್ಟ್ ಮಾಮೂಲು, ಓವರ್‌ಲೋಡ್ ವಿಷಯ ಬಂದಾಗ ಧ್ವನಿಮುದ್ರಣ ಬೇಕೇ ಎಂದು ಕೇಳಿ, ಬೇಡವೆಂದರೆ ಅಲ್ಲೇ ನಿಲ್ಲಿಸಿ. ಸತ್ತವರ ಹೆಸರು, ಸಾಲದ ಜಗಳ ಮನೆಯವರ ಒಪ್ಪಿಗೆಯಿಲ್ಲದೆ ಹೊರಗೆ ಹೋಗಬಾರದು.

ಫೈಲ್ ಹೆಸರಿನಲ್ಲಿ ತಾರೀಕು, ಊರು, ಕೆಲಸ ಇರಲಿ: 2025-03-09_ಸಾಗರ_ಚಾಲಕ_01. ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ. ಬರೆದಿಳಿಸಿದ್ದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಅವರ ಮನೆಗೇ ಒಯ್ದು ಓದಿ ಹೇಳಿ. ಅವರು ತಿದ್ದಿದ್ದನ್ನು ಮೂಲದ ಮೇಲೆ ಅಳಿಸಿ ಬರೆಯದೆ, ತಾರೀಕು ಹಾಕಿ ಪಕ್ಕದಲ್ಲಿ ಬರೆದಿಡಿ.